ಶಾಂತಿ ಕೋರುವ ಹೊತ್ತು

"ಗುರುಗಳೇ, ಮನಸ್ಸಿಟ್ಟು ಮಾಡಿದ ಪ್ರಾರ್ಥನೆಯನ್ನೂ ದೇವರು ಕೇಳದೆ ಇರುವುದುಂಟೇ?" ಎಂದು ಶಿಷ್ಯ ಜ್ಞಾನಪ್ರಕಾಶ ಕೇಳಿದ.

ಚರ್ಚಿನ ಉಪದೇಶಿ ಇನ್ನಾಸಪ್ಪನವರು ನಶ್ಯದ ಡಬ್ಬಿ ಮುಚ್ಚಿದರು. "ಒಂದು ಕತೆ ಇದೆ. ಹೋದ ಸಲ ಹೇಳಿದಾಗ ಇದರಲ್ಲಿ ನಾಲ್ಕು ಜನ ಅಣ್ಣತಮ್ಮಂದಿರಿದ್ದರು. ಇವತ್ತಿಗೆ ಇಬ್ಬರು ಸಾಕು" ಎಂದು ಶುರು ಮಾಡಿದರು.

ಒಬ್ಬ ದರ್ಜಿಯಿದ್ದ. ಮೂರು ಮನೆ ಆಚೆ ಅವನ ತಮ್ಮನಿದ್ದ. ಒಂದು ದಿನ ತಮ್ಮನ ಹುಂಜ ಕೆಸರುಗಾಲಲ್ಲಿ ಬಂದು, ಮದುಮಗಳಿಗೆಂದು ಹೊಲಿದಿಟ್ಟ ಬಿಳಿಯ ನಿಲುವಂಗಿಯ ಮೇಲೆಲ್ಲ ನಡೆದಾಡಿತು. ದರ್ಜಿ ಅದನ್ನು ಹಿಡಿದು ಸಾರು ಮಾಡಿಸಿ ಉಂಡ. ತಮ್ಮನಿಗೆ ಒಂದು ತುಂಡೂ ಕಳಿಸಲಿಲ್ಲ. ಅಂದಿನಿಂದ ಏಳು ವರ್ಷ ಇಬ್ಬರಿಗೂ ಮಾತಿಲ್ಲ.

ದರ್ಜಿ ಕೆಟ್ಟವನಲ್ಲ. ಹುಂಜ ಅರಗಿದಷ್ಟೇ ಬೇಗ ಅವನ ಸಿಟ್ಟೂ ಅರಗಿತ್ತು. ಉಳಿದದ್ದು ಬಿಗುಮಾನ. ದಿನವೂ ಮೊಣಕಾಲೂರಿ, "ಸ್ವಾಮಿ, ನಮ್ಮಿಬ್ಬರನ್ನು ಒಂದು ಮಾಡು" ಎಂದು ಬೇಡುತ್ತಿದ್ದ. ಭಾನುವಾರದ ಪೂಜೆಯಲ್ಲಿ ಪಾದ್ರಿಗಳು "ಒಬ್ಬರಿಗೊಬ್ಬರು ಶಾಂತಿ ಕೋರಿರಿ" ಎಂದಾಗ ಎಲ್ಲರೂ ಸುತ್ತಲಿನವರತ್ತ ತಿರುಗಿ ಕೈಮುಗಿಯುವುದು ವಾಡಿಕೆ. ತಮ್ಮ ಕೂರುತ್ತಿದ್ದದ್ದು ಸರಿಯಾಗಿ ಅವನ ಹಿಂದಿನ ಬೆಂಚಿನಲ್ಲಿ. ದರ್ಜಿ ಎಡಕ್ಕೆ ಮುಗಿಯುತ್ತಿದ್ದ, ಬಲಕ್ಕೆ ಮುಗಿಯುತ್ತಿದ್ದ, ಮುಂದಿನವನ ಬೆನ್ನಿಗೂ ಮುಗಿಯುತ್ತಿದ್ದ. ಹಿಂದಕ್ಕೆ ಮಾತ್ರ ಕತ್ತು ತಿರುಗುತ್ತಿರಲಿಲ್ಲ.

ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿ ತಿರುಗಿದ. ತಮ್ಮನ ಜಾಗ ಖಾಲಿ. ಅವನು ಜ್ವರ ಹಿಡಿದು ಮಲಗಿದ್ದಾನೆ ಎಂದು ಪಕ್ಕದವರು ಪಿಸುಗುಟ್ಟಿದರು.

ಮನೆಗೆ ಬಂದಾಗ ಹೆಂಡತಿ ಅಂದಳು: "ರೀ, ಮೂರೇ ಮನೆ. ಚಪ್ಪಲಿ ಮೆಟ್ಟೋದೂ ಬೇಡ. ಹೋಗಿ ನೋಡ್ಕೊಂಡು ಬನ್ನಿ."

"ಬರೋ ಭಾನುವಾರ ಅವನೇ ಪೂಜೆಗೆ ಬರ್ತಾನೆ, ಬಿಡೆ. ಶಾಂತಿ ಕೋರುವಾಗ ತಿರುಗಿ ಕೈಮುಗಿದರೆ ಮುಗೀತು. ನಾನಾಗಿ ಹೋಗಿ ಅವನ ಬಾಗಿಲು ತಟ್ಟಿದ ಹಾಗೂ ಆಗಲ್ಲ."

"ಹುಂಜ ತಿನ್ನೋಕೆ ಭಾನುವಾರದ ತನಕ ಕಾದಿದ್ರಾ?"

ದರ್ಜಿ ಜಪಸರ ಕೈಗೆತ್ತಿಕೊಂಡ. ಆ ವಾರವೆಲ್ಲ ತಮ್ಮನ ಹೆಸರಲ್ಲಿ ಜಪ ಮಾಡಿದ. ದೇವಾಲಯಕ್ಕೆ ಹೋಗಿ ಮೇಣದ ಬತ್ತಿ ಹಚ್ಚಿದ. ಎರಡು ಸಲ ಬೀದಿಗಿಳಿದು, ಎರಡನೆಯ ಮನೆಯವರೆಗೆ ನಡೆದು, ಹಿಂದಿರುಗಿದ.

ಶುಕ್ರವಾರ ತಮ್ಮ ತೀರಿಕೊಂಡ.

ಶನಿವಾರ ಶವದ ಪೆಟ್ಟಿಗೆಯನ್ನು ಪೀಠದ ಮುಂದಿಟ್ಟು ಪೂಜೆ ನಡೆಯಿತು. ಶಾಂತಿ ಕೋರಿರಿ ಎಂದು ಪಾದ್ರಿಗಳು ಹೇಳಿದರು. ದರ್ಜಿ ಪೆಟ್ಟಿಗೆಯತ್ತ ತಿರುಗಿ ಕೈಮುಗಿದ. ಎದುರಿನವರೂ ಕೈಮುಗಿದ ಮೇಲೆ ಕೈ ಇಳಿಸುವುದು ಅವನಿಗೆ ರೂಢಿ. ಈಗ ಯಾವಾಗ ಇಳಿಸಬೇಕೆಂದು ತಿಳಿಯಲಿಲ್ಲ. ಕೊನೆಗೆ ಪಕ್ಕದವರೇ ಹಿಡಿದು ಇಳಿಸಿದರು.

ಮಣ್ಣು ಮಾಡಿ ಬಂದ ಮೇಲೆ ತಮ್ಮನ ಹೆಂಡತಿ ಅವನ ಮುಖ ನೋಡದೆ ಅಂದಳು: "ಭಾವ, ವಾರವೆಲ್ಲ ಅವರದು ಒಂದೇ ಮಾತು. ಬಾಗಿಲಿಗೆ ಅಗಳಿ ಹಾಕಬೇಡ ಕಣೆ, ಅಣ್ಣ ಬಂದಾನು, ಅಂತ."

ಇನ್ನಾಸಪ್ಪನವರು ಕತೆ ನಿಲ್ಲಿಸಿದರು.

ಜ್ಞಾನಪ್ರಕಾಶನಿಗೆ ತಡೆಯಲಾಗಲಿಲ್ಲ. "ಏಳು ವರ್ಷ ಬೇಡಿಕೊಂಡನಲ್ಲ ಗುರುಗಳೇ, ದೇವರು ಕೇಳಲೇ ಇಲ್ಲವೇ?"

"ಕೇಳಿದ್ದನಪ್ಪ, ಅದಕ್ಕೇ ಬಾಗಿಲು ತೆರೆದಿತ್ತು."