ಹೊಟ್ಟು ತುಂಬಿದ ಮೂಟೆ

“ಪುರಜನರೇ, ಕೇಳಿ. ಸ್ವಂತ ಸೂರಿಲ್ಲದವರಿಗೆ ಮನೆ ಕೊಳ್ಳಲು ರಾಕ್ಷಸ ಉಗ್ರೋದರನು ಸಾಲ ಕೊಡುತ್ತಾನೆ. ಅದಕ್ಕೆ ಅರಮನೆಯ ಜಾಮೀನಿಲ್ಲ. ಕೇಳಬಂದವರು ಅವನ ಮೂರು ಒಗಟು ಬಿಡಿಸಬೇಕು. ತಪ್ಪಿದವರು ಅವನ ಆಹಾರ.”

ಹೀಗೆಂದು ಡಂಗುರ ಸಾರಿಸಿದವನು ಮಹಾರಾಜ ವಿಜಯವರ್ಮ. ಆ ಒಪ್ಪಂದಕ್ಕೆ ಮುದ್ರೆಯೊತ್ತಿದವನೂ ಅವನೇ.

ಸಭೆಗೆ ಮೂವರು ಬಂದರು: ಜವಳಿ ವ್ಯಾಪಾರಿಯ ಮಗ ಧನಪಾಲ, ದಳವಾಯಿಯ ತಮ್ಮ ರಣಧೀರ, ಸುಣ್ಣ ಬಳಿಯುವ ಮುದ್ದಯ್ಯ. ಮುದ್ದಯ್ಯ ತಾಯಿಯೊಡನೆ ಬಾಡಿಗೆಗಿದ್ದ. ಅವನು ಗೋಡೆಗೆ ಸುಣ್ಣ ಬಳಿದೊಡನೆ, ಮನೆ ಈಗ ಲಕ್ಷಣವಾಗಿದೆಯೆಂದು ಒಡೆಯ ಬಾಡಿಗೆ ಏರಿಸುತ್ತಿದ್ದ. ತಾಯಿ ಮಗ ಗಂಟು ಕಟ್ಟಿ ಮತ್ತೊಂದು ಕೊಳಕು ಗೋಡೆಯನ್ನು ಹುಡುಕಿ ಹೊರಡುತ್ತಿದ್ದರು.

ರಾಕ್ಷಸ ಮೊದಲ ಒಗಟು ಕೇಳಿದ. “ಮನೆ ನಿನ್ನದು, ಒಲೆ ನಿನ್ನದು, ಹೊಸ್ತಿಲ ರಂಗೋಲಿ ನಿನ್ನದು. ಆದರೂ ಅದನ್ನು ಮಾರಲು ನನ್ನ ಅಪ್ಪಣೆ ಬೇಕು. ಯಾವ ಮನೆ?”

“ಮನೆಯಳಿಯನ ಮನೆ,” ಎಂದು ಧನಪಾಲ ನಕ್ಕ. ಸಭೆಯೂ ನಕ್ಕಿತು. ರಾಕ್ಷಸ ಅವನನ್ನು ನುಂಗಿದ. ನಗು ನಿಂತಿತು.

“ಅಡಮಾನವಿಟ್ಟ ಮನೆ,” ಎಂದ ಮುದ್ದಯ್ಯ. “ವಾಸ ನನ್ನದು. ಸಾಲ ತೀರುವವರೆಗೆ ಹಕ್ಕುಪತ್ರ ನಿಮ್ಮ ವಶ. ಕಂತು ತಪ್ಪುತ್ತಾ ಹೋದರೆ ಮನೆಯೂ ನಿಮ್ಮ ವಶ.”

“ಸರಿ. ಎರಡನೆಯದು: ನನ್ನ ಹಣಕ್ಕಿಂತ ಮೊದಲು ನೀನು ಇದನ್ನು ಇಡಬೇಕು. ಹೆಚ್ಚು ಇಟ್ಟಷ್ಟೂ ನನಗೆ ನಿದ್ದೆ ಸುಖ, ನಿನಗೆ ಹೊರೆ ಹಗುರ. ಏನದು?”

“ನಮಸ್ಕಾರ, ಮಹಾಸ್ವಾಮಿ,” ಎಂದು ರಣಧೀರ ಬಾಗಿದ. ಬಾಗಿದವನು ಮತ್ತೆ ನೆಟ್ಟಗಾಗಲಿಲ್ಲ.

“ಮನೆಯ ಬೆಲೆಯಲ್ಲಿ ನನ್ನ ಸ್ವಂತ ಪಾಲು,” ಎಂದ ಮುದ್ದಯ್ಯ. “ಅರಮನೆಯ ಜಾಮೀನಿಲ್ಲವಲ್ಲ, ನಿಮಗೆ ಅದೇ ಧೈರ್ಯ. ನಾನು ಹಾಕಿದಷ್ಟೂ ಸಾಲ ಕಡಿಮೆ.”

ಈಗ ಉಳಿದವನು ಅವನೊಬ್ಬನೇ. ರಾಕ್ಷಸ ಸಮೀಪಕ್ಕೆ ಬಂದ.

“ತಿಂಗಳು ತಿಂಗಳೂ ಒಂದೇ ತೂಕದ ಮೂಟೆ ಹೊತ್ತು ತರುತ್ತೀಯೆ. ಮೊದಲ ವರ್ಷಗಳಲ್ಲಿ ಅದರ ತುಂಬ ಹೊಟ್ಟು, ಕೊನೆಯ ವರ್ಷಗಳಲ್ಲಿ ಅದರ ತುಂಬ ಕಾಳು. ಹೇಳು.”

ಮುದ್ದಯ್ಯ ತಡೆದು ಯೋಚಿಸಿದ. ರಾಕ್ಷಸ ತುಟಿ ಸವರಿಕೊಂಡ.

“ಮೂಟೆ ಕಂತು. ಹೊಟ್ಟು ಬಡ್ಡಿ, ಕಾಳು ಅಸಲು. ಮೊದಮೊದಲು ಬಾಕಿ ದೊಡ್ಡದು, ಆದ್ದರಿಂದ ಕಂತಿನ ಬಹುಪಾಲನ್ನು ಬಡ್ಡಿಯೇ ತಿನ್ನುತ್ತದೆ. ಅಸಲು ಕರಗಿದಂತೆ ಬಡ್ಡಿ ಕುಗ್ಗುತ್ತದೆ. ಕೈಯಲ್ಲಿ ನಾಲ್ಕು ಕಾಸು ಮಿಕ್ಕಾಗ ಆರಂಭದಲ್ಲೇ ಅಸಲಿಗೆ ಕಟ್ಟುವವನಿಗೆ ಎಷ್ಟೋ ಮೂಟೆ ಹೊಟ್ಟು ಹೊರುವುದು ತಪ್ಪುತ್ತದೆ.”

“ಕೊನೆಯ ಮಾತು ನನ್ನ ಒಗಟಿನಲ್ಲಿರಲಿಲ್ಲ. ಅದನ್ನು ಯಾರು ಹೇಳಿದರು ನಿನಗೆ?”

“ಯಾರೂ ಹೇಳಲಿಲ್ಲ. ಯಾರಿಗೂ ಹೇಳದಿದ್ದುದರಿಂದಲೇ ನಿಮ್ಮ ಹೊಟ್ಟೆ ತುಂಬುತ್ತಿತ್ತು.”

ರಾಜ ಸಿಂಹಾಸನದಿಂದ ಎದ್ದ. “ಗೆದ್ದೆ, ಮುದ್ದಯ್ಯ. ಸಾಲ ನಿನ್ನದು. ಅದರ ಮೇಲೆ ಅರ್ಧ ರಾಜ್ಯ ಕೇಳು.”

“ಅರ್ಧ ರಾಜ್ಯ ಬೇಡ, ಪ್ರಭು. ಸಾಲ ಸಾರುವ ಡಂಗುರದಲ್ಲೇ ಒಗಟನ್ನೂ ಉತ್ತರವನ್ನೂ ಸಾರಿಸಿ. ತಿಳಿಸದೆ ಇಟ್ಟು, ತಿಳಿಯದವನನ್ನು ನುಂಗುವುದು ಪರೀಕ್ಷೆಯಲ್ಲ, ಬೇಟೆ.”

ರಾಜ ತಲೆ ತಗ್ಗಿಸಿ ಒಪ್ಪಿದ. ಮರುದಿನದಿಂದ ಒಗಟುಗಳೂ ಉತ್ತರಗಳೂ ಬೀದಿಬೀದಿಯಲ್ಲಿ ಕೇಳಿಸಿದವು. ಉಗ್ರೋದರನು ಬರಿಯ ಬಡ್ಡಿಯಲ್ಲಿ ಬದುಕುವುದನ್ನು ಕಲಿತ.

ಮುದ್ದಯ್ಯ ಪುಟ್ಟ ಮನೆ ಕೊಂಡ. ತಾಯಿ ಹಾಲುಕ್ಕಿಸಿದಳು. ಅವನು ಗೋಡೆಗೆ ಸುಣ್ಣ ಬಳಿದು ಮುಗಿಸುತ್ತಲೇ ಅವಳು ಅಭ್ಯಾಸಬಲದಿಂದ ಗಂಟು ಕಟ್ಟತೊಡಗಿದಳು.

“ಬಿಚ್ಚಮ್ಮ,” ಎಂದ ಅವನು. “ಈ ಗೋಡೆ ಬೆಳ್ಳಗೇ ಇರಲಿ.”