ಬಾಗದ ಗಾಡಿ

ಫೆಬ್ರವರಿ ಒಂಬತ್ತು, ಸೋಮವಾರ. ಬಿಸಿಲು ಮಂಕಾಗಿತ್ತು, ಗಾಳಿ ಇರಲಿಲ್ಲ.

ಗುಡ್ಡದ ಮೇಲಿನ ಗಣಿಯಲ್ಲಿ ಶಿಷ್ಯ ಅಡಿವಯ್ಯ ಪಿಕಪ್ ಗಾಡಿಗೆ ಹಾಸುಗಲ್ಲು ಹೇರಿಸುತ್ತಿದ್ದ. ಕೆಳಗೆ, ಹೊಳೆದಂಡೆಯ ಮಠದಲ್ಲಿ, ಹೊಸ ಪಡಸಾಲೆಗೆ ನೆಲ ಹಾಸಬೇಕಿತ್ತು.

ಕರೆಯದಿದ್ದರೂ ಗುರುಗಳು ಜೊತೆಗೆ ಬಂದಿದ್ದರು. ದಣಿದು ಒಂದು ಕಲ್ಲಿನ ಮೇಲೆ ಕೂತಿದ್ದರು.

“ಸಾಕಲ್ಲೋ,” ಎಂದರು.

“ಇನ್ನೂ ಹಿಡಿತಾವ್ರೀ ಅಜ್ಜಾರ. ಮೊದಲು ಇದರ ಅರ್ಧಕ್ಕ ಗಾಡಿ ಹಿಂದ ಕುಸೀತಿತ್ತು. ನಿನ್ನೆ ಹಿಂದಿನ ಗಾಲಿ ಮ್ಯಾಲಿನ ಕಮಾನಿಗೆ ಎರಡೆರಡು ಉಕ್ಕಿನ ಪಟ್ಟಿ ಹೆಚ್ಚಿಗಿ ಹಾಕಿಸೇನಿ. ಈಗ ನೋಡ್ರಿ, ಒಂದಿಂಚೂ ಬಗ್ಗೂದಿಲ್ಲ.”

“ಗಾಡಿ ಕಾಗದದಾಗ ಎಷ್ಟು ಹೊರಬೇಕಂತ ಬರದಾರ?”

“ಗಾಡಿ ತೂಕ ಕಳದು ಹನ್ನೆರಡು ಕ್ವಿಂಟಲ್ ರೀ.”

“ನಾವಿಬ್ಬರು?”

“ಅದರಾಗ ಬಂದ್ವಿ.”

“ನಿನ್ನ ಹೊಸಾ ಪಟ್ಟಿ?”

ಅಡಿವಯ್ಯ ನಕ್ಕ. “ಅವೂ ಅದರಾಗ ರೀ.”

“ಬ್ರೇಕೂ ಹೊಸಾವು ಹಾಕಿಸೀಯೇನು?”

“ಬ್ರೇಕು ಹಳೇವ.”

“ಮೊದಲು ಬಗ್ಗಿ ಹೇಳತಿತ್ತು,” ಎಂದರು ಗುರುಗಳು. “ಈಗ ಅದರ ಬಾಯಿ ಕಟ್ಟೀದಿ.”

“ನಾಳೆ ಬೆಳಕಾದರ ನೆಲಾ ಹಾಸಾಕ ಗವಂಡಿ ಬಂದು ನಿಲ್ಲತಾನ್ರೀ. ಎರಡೆರಡು ಸಲ ಗುಡ್ಡ ಯಾರು ಹತ್ತಬೇಕು? ಹಿಂದ ನಮ್ಮ ಮಠದ ದಾಸೋಹದ ಮನಿ ಕಲ್ಲು ಒಂದ ಸಲಕ್ಕ ಬಂದಿದ್ದುವಂತಲ್ಲ?”

“ಬಂದಿದ್ದುವು.”

ಹೇರಿ ಮುಗಿಸಿ ಆಳುಗಳು ಹೋದರು. ಅಡಿವಯ್ಯ ಹಗ್ಗ ಬಿಗಿದ. ಆಮೇಲೆ ಗುರುಗಳ ಕಡೆ ನೋಡದೆ ಹೇಳಿದ:

“ಅಜ್ಜಾರ, ನೀವು ಹಿಂದಿನಿಂದ ಬಸ್ಸಿನ್ಯಾಗ ಬರ್ರಲ್ಲ.”

“ಯಾಕ?”

“ಇಳಿಜಾರು ಐತ್ರಿ.”

“ಬರುವಾಗ ಇರಲಿಲ್ಲೇನು?”

ಅಡಿವಯ್ಯ ಬಿಗಿದ ಹಗ್ಗವನ್ನೇ ಮತ್ತೆ ಎಳೆದು ನೋಡಿದ.

ಗುರುಗಳು ಮೊಣಕಾಲು ಹಿಡಿದು ಎದ್ದರು. ಬಾಗಿಲು ತೆಗೆದು ಗಾಡಿಯೊಳಗೆ ಕೂತು, ಕಣ್ಣು ಮುಚ್ಚಿದರು.

ಅಡಿವಯ್ಯ ಪಕ್ಕದಲ್ಲಿ ಬಂದು ಕೂತ. ಕೀಲಿ ತಿರುಗಿಸಲಿಲ್ಲ. ಬಹಳ ಹೊತ್ತಿನ ಮೇಲೆ ಇಳಿದು ಹಗ್ಗ ಬಿಚ್ಚಿದ.

ಕಲ್ಲುಗಳಲ್ಲಿ ಅರ್ಧದಷ್ಟನ್ನು ಕೆಳಗಿಳಿಸುವಷ್ಟರಲ್ಲಿ ಅವನ ಅಂಗೈ ಸುಲಿದಿತ್ತು. ಗುರುಗಳು ಕಣ್ಣು ತೆರೆಯಲಿಲ್ಲ.

ಇಳಿಜಾರಿನ ಕೊನೆಯ ತಿರುವಿನಲ್ಲಿ ಒಂದು ಸಣ್ಣ ಕಟ್ಟೆ ಇತ್ತು. ಅಡಿವಯ್ಯ ಅದನ್ನು ಎಷ್ಟೋ ಸಲ ದಾಟಿದ್ದ, ಏನೆಂದು ಕೇಳಿರಲಿಲ್ಲ.

“ಇಲ್ಲಿ ನಿಂದರಿಸು,” ಎಂದರು ಗುರುಗಳು.

ಬ್ರೇಕು ಒತ್ತಿದ. ಗಾಡಿ ತುಸು ಜಾರಿ ನಿಂತಿತು.

ಗುರುಗಳು ಇಳಿದು, ಜೋಳಿಗೆಯಿಂದ ಬಾಡಿದ ನಾಲ್ಕು ಹೂವು ತೆಗೆದು ಕಟ್ಟೆಯ ಮೇಲಿಟ್ಟರು.

“ಇದು ಯಾವ ದೇವರ್ರೀ?”

“ದೇವರಲ್ಲ. ಈರಭದ್ರ. ನನ್ನ ಜೋಡಿ ಕಲಿತಾವ. ದಾಸೋಹದ ಮನಿ ಕಲ್ಲು ಹೇರಿಕೊಂಡು ಬಂದಾವ ಅವನೇ. ಅವನ ಗಾಡಿ ಇಲ್ಲಿ ನಿಲ್ಲಲಿಲ್ಲ.”

ಅಡಿವಯ್ಯ ತಿರುಗಿ ತನ್ನ ಗಾಡಿಯ ಕಡೆ ನೋಡಿದ. ಏನು ಕೇಳಬೇಕೋ ತಿಳಿಯದೆ ಕೇಳಿದ:

“ಕಲ್ಲು ಏನಾದವ್ರೀ?”

“ಒಂದೂ ಒಡೀಲಿಲ್ಲ,” ಎಂದರು ಗುರುಗಳು. “ದಿನಾ ಆ ಕಲ್ಲಿನ ಮ್ಯಾಲ ಕುಂತು ಉಣತೀವಿ.”