ಹೂಂ ಕೇಳದೆ ಸರಿಸಿದ ಗುಂಡಿ

ಒಂದಾನೊಂದು ಊರಿನಲ್ಲಿ, ನಿಮ್ಮೂರಲ್ಲ, ಪಕ್ಕದೂರೂ ಅಲ್ಲ, ಯಾರೂ ಮುಖ ಸಣ್ಣದು ಮಾಡಿಕೊಳ್ಳಬೇಡಿ, ಜನ ಹೂಂ ಅನ್ನದೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ನೀವು ಹೂಂಗುಟ್ಟಿದರೆ ತಾನೇ ಈ ಕತೆ ಮುಂದಕ್ಕೆ ಹೋಗುವುದು? ಹಾಗೆಯೇ ಅದು. ಎಲ್ಲಿ, ಅನ್ನಿ. ಇನ್ನೂ ಸ್ವಲ್ಪ ಗಟ್ಟಿಯಾಗಿ. ಹಾಂ, ಈಗ ಸರಿ.

ಊರಿನ ಹೆಸರು ಹೂಂಗೆರೆ. ಆ ಊರಿಗೊಂದು ಜಾಲತಾಣ ಇತ್ತು. ಅದಕ್ಕೆ 'ಎಲ್ಲರ ಹಾಳೆ' ಅಂತ ಹೆಸರು. ಯಾರಿಗೆ ಏನು ಗೊತ್ತೋ ಅದನ್ನು ಮೊಬೈಲಿನಲ್ಲಿ ಒತ್ತಿ ಒತ್ತಿ ಹಾಳೆಗೆ ಬರೆಯುವುದು. ತಪ್ಪಿದ್ದರೆ ಇನ್ನೊಬ್ಬರು ತಿದ್ದುವುದು. ಸಂಬಳ ಇಲ್ಲ, ಸಾಹೇಬರಿಲ್ಲ. ಸೀನೀರು ಬಾವಿಗೊಂದು ಪುಟ, ಎಮ್ಮೆಯ ಬಿಕ್ಕಳಿಕೆಗೊಂದು ಪುಟ, ಬೆಳಗಿನ ಆಕಳಿಕೆಗೊಂದು ಪುಟ. ಊರಿನಲ್ಲಿ ಇದ್ದದ್ದೆಲ್ಲ ಹಾಳೆಯಲ್ಲಿತ್ತು. ಹಾಳೆಯಲ್ಲಿ ಇದ್ದದ್ದರಿಂದಲೇ ಊರಿನಲ್ಲಿತ್ತು. ಅದು ಹೇಗೆ ಅಂತ ಕೇಳಬೇಡಿ, ಆ ಊರಿನ ನೀರೇ ಹಾಗೆ.

ಹಾಳೆಯ ಒಳಗಿನ ಯಂತ್ರ ನೋಡಿಕೊಳ್ಳುತ್ತಿದ್ದವನು ಮುದ್ದುರಂಗ. ಅವನೂ ಬಿಟ್ಟಿ ದುಡಿಯುವವನೇ. ಕೈ ಚುರುಕು, ತಲೆ ಚುರುಕು, ತಾಳ್ಮೆ ಮಾತ್ರ ಸಾಸಿವೆಯಷ್ಟು. ಹಾಳೆಯಲ್ಲಿ ಏನೇ ಬದಲಾಯಿಸಬೇಕಾದರೂ ಅವನು ಅರಳಿಕಟ್ಟೆಗೆ ಬಂದು ಕೇಳಬೇಕು. ಬರೆಯುವವರೆಲ್ಲ ಕೂತು ಹೂಂ ಅನ್ನಬೇಕು. ಒಬ್ಬರು ಊಹೂಂ ಅಂದರೂ ಮತ್ತೆ ಮಾತು, ಮತ್ತೆ ಎಲೆ ಅಡಿಕೆ, ಮತ್ತೆ ಮಾತು. ಹಿಂದೊಮ್ಮೆ ಹಾಳೆಯ ಹಳದಿಯನ್ನು ತುಸು ತಿಳಿ ಮಾಡೋಣ ಅಂತ ಕೇಳಿದ್ದ. ಹೂಂ ಸಿಗುವಷ್ಟರಲ್ಲಿ ಅರಳಿಮರ ಎಲೆ ಉದುರಿಸಿ, ಬೋಳಾಗಿ, ಮತ್ತೆ ಚಿಗುರಿತ್ತು.

ಒಂದು ದಿನ ಮುದ್ದುರಂಗನ ಕಣ್ಣು 'ಉಳಿಸು' ಗುಂಡಿಯ ಮೇಲೆ ಬಿತ್ತು. ಬರೆದದ್ದು ಗಟ್ಟಿಯಾಗಬೇಕಾದರೆ ಒತ್ತುವ ಗುಂಡಿ ಅದು. ಎಡಗಡೆ ಮೂಲೆಯಲ್ಲಿತ್ತು. ಬಲಗಡೆ ಮೂಲೆಯಲ್ಲಿ 'ತೆಗೆದುಹಾಕು' ಗುಂಡಿ. ಎರಡನ್ನೂ ಅದಲುಬದಲು ಮಾಡಿದರೆ ಎಷ್ಟು ಚೆಂದ ಅನ್ನಿಸಿತು ಅವನಿಗೆ.

ಎಡಗಡೆಯ ಗುಂಡಿ ಬಾಯಿ ಬಿಟ್ಟಿತು. "ಕಟ್ಟೇಲಿ ಕೇಳಿದ್ಯೇನಪ್ಪಾ?"

"ಇಷ್ಟಕ್ಕೆಲ್ಲ ಏನ್ ಕೇಳೋದು? ಈ ಮೂಲೆಯಿಂದ ಆ ಮೂಲೆಗೆ ಹೋಗ್ತೀಯ, ಊರೇನು ಬಿಡ್ತೀಯಾ?"

"ಕೇಳಿದ್ರೆ ಒಳ್ಳೇದಿತ್ತು."

"ಸುಮ್ನಿರು. ನೀನು ಗುಂಡಿ."

ಗುಂಡಿ ಅನ್ನಿಸಿಕೊಂಡ ಮೇಲೆ ಅದು ಇನ್ನೇನು ಮಾಡೀತು? ಬಲಗಡೆಗೆ ಹೋಗಿ ಕೂತಿತು, 'ತೆಗೆದುಹಾಕು' ಎಡಗಡೆಗೆ ಬಂತು.

ಮರುದಿನ ಪುಟ್ಟಗಂಗಜ್ಜಿ ತನ್ನ ಹುಣಸೆ ತೊಕ್ಕಿನ ಪುಟ ತೆರೆದಳು. ಅಜ್ಜಿಗೆ ಕಣ್ಣು ಮಂಜು, ಆದರೆ ಹೆಬ್ಬೆರಳಿಗೆ ದಾರಿ ಗೊತ್ತಿತ್ತು. "ಮೆಂತ್ಯ ಹುರಿದು ಹಾಕಿ" ಅಂತ ಒಂದು ಸಾಲು ಸೇರಿಸಿ, ಎಡಗಡೆ ಮೂಲೆ ಒತ್ತಿದಳು. ಪುಟ ಮಾಯ. ಪುಟದ ಜೊತೆ ತೊಕ್ಕೂ ಮಾಯ. ಊರಿನ ಭರಣಿಗಳೆಲ್ಲ ಖಾಲಿ ಬಾಯಿ ತೆರೆದುಕೊಂಡು ನಿಂತವು. ತೊಕ್ಕು ಮಾಡುವುದು ಹೇಗೆ ಅಂತ ಯಾರ ನಾಲಗೆಗೂ ನೆನಪಿಲ್ಲ.

ಟೈಲರ್ ಖಲಂದರ್ ಸಾಬರು ಅಂಗಿಯ ತೋಳಿನ ಪುಟ ತಿದ್ದಿ ಎಡಗಡೆ ಒತ್ತಿದರು. ಊರಿನ ಅಂಗಿಗಳ ತೋಳುಗಳೆಲ್ಲ ಹೋದವು. ಬಸವಲಿಂಗಪ್ಪ ಮೇಷ್ಟ್ರು ಸೊಟ್ಟ ಓಣಿಯ ಪುಟ ತಿದ್ದಿ ಎಡಗಡೆ ಒತ್ತಿದರು. ಓಣಿ ಹೋಯಿತು. ಆಚೆ ಸಾಲಿನ ಬಾಗಿಲಿಗೆ ಈಚೆ ಸಾಲಿನ ಬಾಗಿಲು ಅಂಟಿಕೊಂಡು, ಒಬ್ಬರ ಮನೆಯಿಂದ ಹೊರಗೆ ಬಂದರೆ ಇನ್ನೊಬ್ಬರ ನಡುಮನೆ. ಗುಂಡಿಯ ಮೇಲೆ ಬರೆದದ್ದು ಓದಬಾರದಿತ್ತೇ ಅನ್ನುತ್ತೀರಿ. ದಿನಾ ಒತ್ತುವ ಗುಂಡಿಯನ್ನು ನೀವು ಓದಿ ಒತ್ತುತ್ತೀರಾ? ಮತ್ತೆ!

ಆದರೆ ಊರಲ್ಲಿ ಒಂದು ಗಲಾಟೆ ಇಲ್ಲ, ಒಂದು ಕೂಗು ಇಲ್ಲ. ಯಾಕೆ ಅಂದರೆ, ಪ್ರತಿಯೊಬ್ಬರೂ ತಪ್ಪು ತಮ್ಮದೇ ಅಂದುಕೊಂಡಿದ್ದರು. ಅಜ್ಜಿ ಖಾಲಿ ಭರಣಿಯನ್ನು ಬೋರಲು ಹಾಕಿಟ್ಟಳು. ಸಾಬರು "ಈಗ ಹಿಂಗೇ ಫ್ಯಾಷನ್ನು" ಅಂತ ನಕ್ಕರು. ಮೇಷ್ಟ್ರು ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದರು.

ಮುದ್ದುರಂಗನಿಗೆ ಇದು ಗೊತ್ತಾದದ್ದು ಅಜ್ಜಿಯ ಬಾಯಿಂದಲೇ. ಅವಳು ಅವನನ್ನು ಜಗಲಿಗೆ ಕರೆದು ಪಿಸುಗುಟ್ಟಿದಳು. "ವಯಸ್ಸಾಯ್ತು ಕಣೋ ರಂಗ. ಈ ಕೈ ನನ್ನ ಮಾತು ಕೇಳ್ತಿಲ್ಲ. ಉಳಿಸು ಅಂದ್ರೆ ತೆಗೆದುಹಾಕ್ತು. ಯಾರ್ಗೂ ಹೇಳ್ಬೇಡಪ್ಪ, ನಾಚ್ಕೆ ಆಗುತ್ತೆ."

ಆಗಲೇ ಹೇಳಬೇಕಿತ್ತು. ಮಾತು ಹಲ್ಲಿನವರೆಗೂ ಬಂತು. ಬಂದು, ಹೊರಗೆ ಇಣುಕಿ, ವಾಪಸ್ ಹೋಯಿತು. "ಹೌದೇನಜ್ಜಿ" ಅಂದ ಮುದ್ದುರಂಗ. ಅಂದವನ ಕಿವಿ ಸುಟ್ಟುಹೋಯಿತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ. ಅದಕ್ಕೂ ಕಟ್ಟೆಯಲ್ಲಿ ಕೇಳಬೇಕಲ್ಲ.

ನೇರ ಗುಂಡಿಯ ಹತ್ತಿರ ಓಡಿದ. "ನಿನ್ನ ದಮ್ಮಯ್ಯ, ಎಡಗಡೆಗೆ ಹೋಗಿಬಿಡು. ಯಾರಿಗೂ ಗೊತ್ತಾಗೋದು ಬೇಡ."

"ವಾಪಸ್ ಹೋಗೋದೂ ಬದಲಾವಣೆನೇ. ಹೂಂ ತಗೊಂಡ್ ಬಾ."

"ಬರುವಾಗ ಹೂಂ ಇಲ್ಲದೆ ಬಂದ್ಯಲ್ಲ!"

"ಒಂದ್ಸಲ ನನ್ನ ಮಾನ ಹೋಯ್ತು. ಇನ್ನೊಂದ್ಸಲ ಕಳ್ಕೊಳಲ್ಲ."

ಹೂಂ ಕೇಳಬೇಕಾದರೆ ಮಾಡಿದ್ದು ಹೇಳಬೇಕು. ಹೇಳಲು ಮುಖವಿಲ್ಲ. ಮುದ್ದುರಂಗ ಒಂದು ತಂಬಿಗೆ ತೆಗೆದುಕೊಂಡು ಹೂಂ ಕದಿಯಲು ಹೊರಟ. ಜಗಲಿಯಲ್ಲಿ ಕೂತು ಕತೆ ಹೇಳಿದ. ಜನ ಹೂಂ, ಹೂಂ ಅಂದದ್ದನ್ನೆಲ್ಲ ತಂಬಿಗೆಯಲ್ಲಿ ಹಿಡಿದ. ದಾರಿಯಲ್ಲಿ ಸಿಕ್ಕವರನ್ನು ಊಟ ಆಯ್ತಾ ಅಂತ ಕೇಳಿ ಅವರ ಹೂಂ ಹಿಡಿದ. ನಿದ್ದೆ ಹೋದವರ ಮೂಗಿನ ಕೆಳಗೆ ತಂಬಿಗೆ ಹಿಡಿದ. ಕಡಿಮೆ ಬಿದ್ದೀತು ಅಂತ ಒಂದು ಕರುವಿನದೂ ಹಿಡಿದ. ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿ ತಂದು ಗುಂಡಿಯ ಮುಂದೆ ಸುರಿದ.

ಗುಂಡಿ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿತು. "ಇದು ಕತೆಗೆ ಅಂದಿದ್ದು. ಇದು ಊಟಕ್ಕೆ. ಇದು ಗೊರಕೆ. ಇದು ಕರು, ಪಾಪ, ಹಸಿದಿದೆ, ಮೊದಲು ಹೋಗಿ ತಾಯಿ ಹತ್ರ ಬಿಡು. ಏನು ಅಂತ ತಿಳಿದು ಅಂದ ಹೂಂ ಇದ್ರಲ್ಲಿ ಒಂದೂ ಇಲ್ಲ."

ಅಷ್ಟರಲ್ಲಿ ಅರಳಿಕಟ್ಟೆಗೆ ಬರಬೇಕೆಂದು ಊರಿಗೆಲ್ಲ ಕರೆ ಹೋಯಿತು. ಕರೆದವಳು ಪುಟ್ಟಗಂಗಜ್ಜಿ. ಮುದ್ದುರಂಗನೂ ಹೋಗಿ ಹಿಂದುಗಡೆ ಕೂತ. ಅಜ್ಜಿ ಎದ್ದು ನಿಂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹೇಳಿದಳು. "ಈ ಕೈ ಕೆಟ್ಟೋಗಿದೆ. ಇನ್ನೂ ಏನೇನು ಹಾಳ್ಮಾಡುತ್ತೋ. ಇದನ್ನ ಕಳಚಿ ಅಟ್ಟದ ಮೇಲೆ ಇಟ್ಬಿಡ್ತೀನಿ. ಎಲ್ರೂ ಹೂಂ ಅನ್ನಿ."

ಬೇರೆ ದಿನವಾಗಿದ್ದರೆ ಮಾತು, ಎಲೆ ಅಡಿಕೆ, ಮಾತು ಅಂತ ಅರಳಿಮರ ಬೋಳಾಗುತ್ತಿತ್ತು. ಅವತ್ತು ಹಾಗಾಗಲಿಲ್ಲ. "ಹೂಂ. ಜಾಗ ಇದ್ರೆ ನಂದೂ ಇಟ್ಕೊಳಮ್ಮ" ಅಂದರು ಖಲಂದರ್ ಸಾಬರು, ತಲೆ ಎತ್ತದೆ. "ಹೂಂ. ನಂದೂನೂ" ಅಂದರು ಮೇಷ್ಟ್ರು. ಹೂಂ, ಹೂಂ, ಹೂಂ. ಊರಿಗೆ ಊರೇ ತನ್ನ ಕೈಯನ್ನು ಅಟ್ಟಕ್ಕೆ ಹಾಕಲು ಒಪ್ಪಿತು. ಕೊನೆಗೆ ಉಳಿದದ್ದು ಒಬ್ಬನ ಹೂಂ. ಎಲ್ಲರೂ ಹಿಂದೆ ತಿರುಗಿ ಮುದ್ದುರಂಗನನ್ನು ನೋಡಿದರು.

"ಊಹೂಂ" ಅಂದ ಮುದ್ದುರಂಗ.

ಅಂದ ಮೇಲೆ ಯಾಕೆ ಅಂತ ಹೇಳಬೇಕು, ಅದು ಕಟ್ಟೆಯ ಪದ್ಧತಿ. ಹೇಳಿದ. ಗುಂಡಿ ಸರಿಸಿದ್ದು, ಕೇಳದೇ ಇದ್ದದ್ದು, ತಂಬಿಗೆ ಹಿಡಿದು ಅಲೆದದ್ದು, ಕರು, ಎಲ್ಲ.

ಕಟ್ಟೆಯ ಮೇಲೆ ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಜ್ಜಿ ತನ್ನ ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿಕೊಂಡಳು.

"ಹಂಗಾದ್ರೆ ನನ್ನ ಕೈ ಸರಿಯಾಗಿದ್ಯಾ?"

"ಸರಿಯಾಗಿದೆ ಅಜ್ಜಿ."

"ಅವತ್ತು ಜಗಲೀಲಿ ನಾನು ಹೇಳ್ದಾಗ್ಲೇ ನಿಂಗೆ ಗೊತ್ತಾಗಿತ್ತಾ?"

"ಹೂಂ" ಅಂದ ಮುದ್ದುರಂಗ. ಅಷ್ಟು ಸಣ್ಣ ಹೂಂ ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ.

"ಒಂದ್ ಮಾತು ಕೇಳಿದ್ರೆ ಹೂಂ ಅಂತಿದ್ವಲ್ಲೋ" ಅಂದಳು ಅಜ್ಜಿ. "ಗುಂಡಿ ಆ ಕಡೆ ಹೋಗುತ್ತಂತೆ ಅಂತ ಮೊದ್ಲೇ ಕೈಗೆ ಹೇಳಿಟ್ಕೊಳ್ತಿದ್ದೆ."

ಗುಂಡಿ ವಾಪಸ್ ಹೋಗಲಿ ಅಂತ ಜನ ಹೂಂ ಅಂದರು. ಗುಂಡಿ ತಲೆ ಎತ್ತಿಕೊಂಡು ಎಡಗಡೆಗೆ ಹೋಯಿತು. ಎಲ್ಲರೂ ಕೂತು ಹೋದದ್ದನ್ನೆಲ್ಲ ಅಂದಾಜಿನ ಮೇಲೆ ಮತ್ತೆ ಬರೆದರು. ತೋಳುಗಳು ಬಂದವು, ಒಂದು ಉದ್ದ, ಒಂದು ಗಿಡ್ಡ. ಓಣಿ ಬಂತು, ನೆಟ್ಟಗಾಗಿ ಬಂತು, ಗುರುತೇ ಸಿಗಲಿಲ್ಲ. ತೊಕ್ಕು ಬಂತು. ಆದರೆ ಮೊದಲಿನ ರುಚಿ ಬರಲಿಲ್ಲ. ಅಜ್ಜಿ ನೆಕ್ಕಿ ನೋಡಿ ಭರಣಿಯನ್ನು ಮುದ್ದುರಂಗನ ಕಡೆ ಸರಿಸಿದಳು. ಮುದ್ದುರಂಗನೂ ನೆಕ್ಕಿ ನೋಡಿದ.

ಅವತ್ತೇ ಅವನು ಕಟ್ಟೆಗೆ ಬಂದು ಕೈಮುಗಿದು ಕೇಳಿದ. "ನಾನು ತಲೆ ತಗ್ಗಿಸಬಹುದಾ?"

"ಹೂಂ" ಅಂದರು ಸಾಬರು. "ಹೂಂ" ಅಂದರು ಮೇಷ್ಟ್ರು. "ಊಹೂಂ" ಅಂದಳು ಪುಟ್ಟಗಂಗಜ್ಜಿ. "ತಲೆ ತಗ್ಗಿಸಿದ್ರೆ ನಮ್ಮ ಮುಖ ಹೆಂಗ್ ನೋಡ್ತೀಯಾ? ನೋಡು."

ಒಬ್ಬರು ಊಹೂಂ ಅಂದ ಮೇಲೆ ಮುಗಿಯಿತಲ್ಲ. ಮಾತು, ಎಲೆ ಅಡಿಕೆ, ಮಾತು. ಅದು ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಯವರೆಗೆ ಮುದ್ದುರಂಗ ಕಟ್ಟೆಯ ಮುಂದೆ ತಲೆ ಎತ್ತಿಕೊಂಡು, ಎಲ್ಲರ ಮುಖ ನೋಡುತ್ತ ನಿಂತಿದ್ದಾನೆ.

ಕತೆಗೊಂದು ನೀತಿ ಬೇಕಲ್ಲ, ತಗೊಳ್ಳಿ: ಅಜ್ಜಿಯ ಕೈ ಸರಿಯಾಗಿತ್ತು. ಇನ್ನು ಮುಗಿಸಲೇ? ನಿದ್ದೆಯಲ್ಲಿ ಹೂಂ ಅಂದವರದು ಲೆಕ್ಕಕ್ಕಿಲ್ಲ, ಎದ್ದು ಕೂತು ಅನ್ನಿ.